ನಿಮ್ಮ ಗ್ರೌಂಡ್ ರಿಪೋರ್ಟ್

ನಾಶಿಕ್
೯ ನವೆಂಬರ್ ೨೦೨೫

ಸಂಗಮನಾಥ ಅವರಿಗೆ,

ಮದುವೆಯಾದಾಗಿನಿಂದ ನಿಮ್ಮ ಹೆಸರು ಹಿಡಿದು ಕರೆದವಳಲ್ಲ ನಾನು. ನೀವು ಸಂಭಾಜಿನಗರದಲ್ಲಿ, ನಾನು ಇಲ್ಲಿ ಎಂದು ಬೇರೆಯಾದ ಮೇಲೂ ಯಾರಾದರೂ ಕೇಳಿದರೆ ‘ನಮ್ಮವರು’ ಎಂದೇ ಹೇಳುತ್ತಿದ್ದೆ. ಇವತ್ತು ಆ ಮಾತು ಬಾಯಿಗೆ ಬರುತ್ತಿಲ್ಲ. ಫೋನಿನಲ್ಲಿ ಮಾತು ತೆಗೆದರೆ ನಾನು ಮುಗಿಸುವ ಮುಂಚೆಯೇ ನೀವು ಅಫ್ಘಾನಿಸ್ತಾನದ ಇತಿಹಾಸ ಶುರು ಮಾಡುತ್ತೀರಿ. ಕಾಗದದ ನಡುವೆ ಬಾಯಿ ಹಾಕಲು ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯ ತನಕ ಓದಿ.

ಜರ್ಗುನಾ ಅಫ್ಘಾನಿಸ್ತಾನದ ಹೆರಾತಿನಿಂದ ಓದಲು ಬಂದ ಹೊಸತರಲ್ಲಿ ಹಾಸ್ಟೆಲಿನ ಊಟ ಸೇರದೆ ಜ್ವರ ಹಿಡಿದು ಮಲಗಿದ್ದಳು. ಆಟೋದಲ್ಲಿ ಕೂರಿಸಿಕೊಂಡು ಮನೆಗೆ ಕರೆತಂದವರು ನೀವೇ. “ಇಕಿ ಇನ್ನ ನಮ್ಮ ಮನಿ ಮಗಳು, ಜಯಾ” ಅಂದಿರಿ. ನಾನು ನಂಬಿದೆ, ಆಕೆಯೂ ನಂಬಿದಳು. ನಿಮ್ಮ ಕೈಕೆಳಗೆ ರಾಜಕೀಯ ಶಾಸ್ತ್ರದ ಎಂ.ಎ. ಮುಗಿಸುವವರೆಗೆ ನಮ್ಮ ಮೇಲಿನ ಕೋಣೆಯಲ್ಲೇ ಇದ್ದಳು. ನನ್ನಿಂದ ಹಿಂದಿ ಕಲಿತಳು, ರೊಟ್ಟಿ ಬಡಿಯುವುದು ಕಲಿತಳು. ನಾನ್ ಸುಡುವ ಕಸುಬಿನ ಅವರಪ್ಪನಿಗೆ ವಿಡಿಯೋ ಕಾಲ್ ಮಾಡಿ ಜೋಳದ ರೊಟ್ಟಿ ತೋರಿಸಿದ್ದಳು. ಆ ಹಿರಿಯರು ಎದೆಯ ಮೇಲೆ ಕೈಯಿಟ್ಟು ನಿಮಗೆ ನಮಸ್ಕಾರ ಹೇಳಿದ್ದರು.

ಆಕೆ ಊರಿಗೆ ಮರಳಿದ ಮರುವರ್ಷ ಅಲ್ಲಿ ಸರಕಾರ ಬದಲಾಯಿತು, ದೊಡ್ಡ ಹುಡುಗಿಯರ ಶಾಲೆಗಳು ಮುಚ್ಚಿದವು. ಆಗ ಈ ಹುಡುಗಿ ಅಪ್ಪನ ಅಂಗಡಿಯ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರಗಳನ್ನಿಟ್ಟು, ಹೊಲಿಗೆಯ ನೆಪದಲ್ಲಿ ಗಣಿತ, ಇಂಗ್ಲಿಷು ಹೇಳಿಕೊಡತೊಡಗಿದಳು. ಆ ದೇಶದ ಹೊರಗೆ ಈ ಸಂಗತಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ನಿಮಗೆ ಹೇಳಿದ್ದಾದರೂ ಯಾಕೆ? ಹೊರದೇಶದ ವಿಶ್ವವಿದ್ಯಾಲಯಕ್ಕೆ ಶಿಫಾರಸು ಪತ್ರ ಬೇಕಿತ್ತು. ತಾನು ಈಗೇನು ಮಾಡುತ್ತಿದ್ದೇನೆಂದು ಗುರುಗಳಿಗೆ ತಿಳಿಸಿದಳು. ಈ ಬೇಸಿಗೆಯಿಡೀ ನೀವು “ಬರೀತೀನಿ, ಬರೀತೀನಿ” ಅಂದಿರಿ. ಬರೆಯಲಿಲ್ಲ.

ಅಕ್ಟೋಬರಿನಲ್ಲಿ ಅಫ್ಘಾನಿಸ್ತಾನದ ಗಡಿಯಲ್ಲಿ ಗುಂಡು ಹಾರತೊಡಗಿದ ಮೇಲೆ ಚಾನೆಲ್‌ನವರು ನಿಮ್ಮನ್ನು ದಿನಾ ಕರೆಯತೊಡಗಿದರು. ಆ ಸಂಜೆ ನಾನು ಸಿನ್ನರಿನ ಶಾಲೆಯಲ್ಲಿ ಪಾಠ ಮುಗಿಸಿ ಬಂದು, ಟಿವಿ ಹಚ್ಚಿ, ಮೆಂತ್ಯ ಸೋಸುತ್ತ ಕೂತಿದ್ದೆ. ಚರ್ಚೆಯಲ್ಲಿ ನಿಮ್ಮ ಎದುರಿಗಿದ್ದ ನಿವೃತ್ತ ಫೌಜಿ ನಗುತ್ತ, ಪ್ರೊಫೆಸರರದ್ದು ಬರೀ ಪುಸ್ತಕದ ಜ್ಞಾನ ಅಂದ. ನಿಮ್ಮ ಮುಖ ಬಿಗಿಯಿತು. ನನಗೆ ಆ ಮುಖ ಗೊತ್ತು. ಬೀದರಿನಲ್ಲಿ ನಿಮ್ಮಣ್ಣ ನಾಲ್ಕು ಜನರೆದುರು ಚೇಷ್ಟೆ ಮಾಡಿದಾಗ ಅದೇ ಮುಖ. “ನನ್ನ ಹತ್ತಿರ ಗ್ರೌಂಡ್ ರಿಪೋರ್ಟ್ ಇದೆ” ಎಂದಿರಿ. ಹೆರಾತು ಎಂದಿರಿ. ನನ್ನ ವಿದ್ಯಾರ್ಥಿನಿ, ಮಹಾರಾಷ್ಟ್ರದಲ್ಲಿ ಓದಿದವಳು ಎಂದಿರಿ. ನಾನ್ ಅಂಗಡಿ, ಹಿಂದಿನ ಕೋಣೆ, ಹೊಲಿಗೆಯ ನೆಪ... ಏನನ್ನಾದರೂ ಬಿಟ್ಟಿರಾ? ನಾನು ಟಿವಿಯ ಮುಂದೆ ನಿಂತು, ಸಾಕು ಮಾಡ್ರೀ ಎಂದು ಕೂಗುತ್ತಿದ್ದೆ. ಪಕ್ಕದ ಮನೆಯ ಲತಾತಾಯಿ ಓಡಿ ಬಂದರು.

ಆಮೇಲೆ ಫೋನಿನಲ್ಲಿ ನೀವೇನಂದಿರಿ? “ಅಕಿ ಹೆಸರ ತಗೊಂಡೀನೇನು ನಾ? ಹೆಸರಿಲ್ಲಂದ ಮ್ಯಾಲ ಏನಾಗ್ತದ? ಸುಮ್ನ ಬಾಯಿ ಮಾಡಬ್ಯಾಡ.”

ಏನಾಯಿತು ಎಂದು ಇನ್ನೊಮ್ಮೆ ಹೇಳುತ್ತೇನೆ, ಕೇಳಿ. ಚಾನೆಲ್‌ನವರು ಆ ತುಣುಕನ್ನು ಕತ್ತರಿಸಿ ಇಂಟರ್‌ನೆಟ್ಟಿಗೆ ಹಾಕಿದರು. ಯಾರೋ ಅದಕ್ಕೆ ಫಾರ್ಸಿ ಅಕ್ಷರ ಸೇರಿಸಿದರು. ಮುಂದಿನ ವಾರವೇ ಬಂದೂಕಿನವರು ಅಂಗಡಿಗೆ ಬಂದರು. ಹಿಂದೂಸ್ತಾನದ ಪ್ರೊಫೆಸರನ ಶಿಷ್ಯೆ ಎಲ್ಲಿ ಎಂದೇ ಕೇಳಿದರಂತೆ. ಜರ್ಗುನಾ ನೆರೆಮನೆಯಲ್ಲಿದ್ದಳು, ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡಳು. ಯಂತ್ರಗಳನ್ನು ಬೀದಿಗೆ ಎಸೆದು ಅಪ್ಪನನ್ನು ಎಳೆದೊಯ್ದರು. ಓಣಿಯ ಹಿರಿಯರು ಕೈಕಾಲು ಹಿಡಿದು ಬಿಡಿಸಿ ತಂದಾಗ ಅವರ ಬಲಗೈ ಮೇಲೇಳುತ್ತಿರಲಿಲ್ಲ.

ಇದನ್ನೆಲ್ಲ ನಾನು ಅಳುತ್ತ ನಿಮಗೆ ಹೇಳಿದೆ. ಮನೆಯ ಮಗಳ ಗಂಡಾಂತರ ಎಂದು ಹೇಳಿದೆ. ಮರುದಿನ ನೀವು ಮತ್ತೆ ಅದೇ ಕುರ್ಚಿಯಲ್ಲಿ ಕೂತು, “ನನ್ನ ಮೂಲಗಳ ಪ್ರಕಾರ ಹೆರಾತಿನಲ್ಲಿ ಮನೆಶಾಲೆಗಳ ಮೇಲೆ ದಾಳಿ ನಡೆದಿದೆ, ನಾನು ಮೊದಲೇ ಎಚ್ಚರಿಸಿದ್ದೆ” ಎಂದಿರಿ! ಕಾರ್ಯಕ್ರಮ ನಡೆಸಿಕೊಡುವವನು ನಿಮ್ಮ ದೂರದೃಷ್ಟಿಯನ್ನು ಹೊಗಳಿದ. ನೀವು ತಲೆಬಾಗಿದಿರಿ. ನಾನೇನು ನಿಮ್ಮ ಮೂಲವೇ? ನನ್ನ ಅಳು ನಿಮಗೆ ಸುದ್ದಿಯೇ?

ಶಾಲೆಗೆ ರಜೆ ಹಾಕಿ ಮುಂಬಯಿಗೆ ಹೋಗಿದ್ದೆ. ನಿಮಗೆ ಹೇಳಿರಲಿಲ್ಲ. ಚಾನೆಲ್ಲಿನ ಕಾರ್ಯಕ್ರಮ ನೋಡಿಕೊಳ್ಳುವ ಅಲಕಾ ಎಂಬ ಹುಡುಗಿ ನನ್ನನ್ನು ಕೂರಿಸಿ ನೀರು ಕೊಟ್ಟಳು. “ಮಾವಶಿ, ಸರ್ ಎರಡು ಸಾಲು ಬರೆದುಕೊಟ್ಟರೆ ಆ ತುಣುಕನ್ನು ಇವತ್ತೇ ತೆಗೆಸುತ್ತೇನೆ” ಎಂದು ಮರಾಠಿಯಲ್ಲಿ ಹೇಳಿದಳು. ಅಲ್ಲಿಂದಲೇ ನಿಮಗೆ ಫೋನ್ ಮಾಡಿದೆ. ನಿಮ್ಮ ಉತ್ತರ ಆಕೆಗೂ ಕೇಳಿಸಿತು: “ತೆಗಿಸಿದ್ರ ನಾ ಸುಳ್ಳ ಹೇಳಿದಂಗ ಆಗ್ತದ. ನಾಳೆ ನನ್ನ ಯಾರ ಕರೀತಾರ?” ಕನ್ನಡ ಬರದ ಆ ಹುಡುಗಿ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡು ತಲೆ ತಗ್ಗಿಸಿದಳು. ನಾಚಿಕೆಯಾಗಬೇಕಾದದ್ದು ಆಕೆಗಲ್ಲ.

ಅಪ್ಪ, ಮಗಳು ಗಡಿ ದಾಟಿದ್ದಾರೆ. ಈಗ ಇರಾನಿನ ಮಶ್ಹದಿನಲ್ಲಿ ಸಂಬಂಧಿಕರ ಮನೆಯಲ್ಲಿದ್ದಾರೆ. ಅಲ್ಲಿಂದ ಯಾವಾಗ ಹೊರದಬ್ಬುತ್ತಾರೋ ತಿಳಿಯದು. “ಸರ್ ಬೇಕಂತ ಮಾಡಿಲ್ಲ, ಅಮ್ಮಾ” ಎನ್ನುತ್ತಾಳೆ ಆಕೆ. ಆಕೆ ಕ್ಷಮಿಸಲಿ, ಅದು ಆಕೆಯ ದೊಡ್ಡತನ. ನಾನು ಕ್ಷಮಿಸುವುದಿಲ್ಲ. ನಿಮಗೆ ಅಲ್ಲಿನ ಕಣಿವೆಗಳ ಹೆಸರು ಗೊತ್ತು, ಬುಡಕಟ್ಟುಗಳ ಜಗಳ ಗೊತ್ತು, ಯಾವ ಒಪ್ಪಂದ ಯಾಕೆ ಮುರಿಯಿತು ಎನ್ನುವುದೂ ಗೊತ್ತು. ಅಲ್ಲಿ ಇರುವವರು ಮನುಷ್ಯರು ಎನ್ನುವುದೊಂದು ಮರೆತುಹೋಯಿತು.

ಅಲಕಾಗೆ ಆ ಎರಡು ಸಾಲು ಇವತ್ತೇ ಕಳಿಸಿ. ಶಿಫಾರಸು ಪತ್ರ ಬರೆದು ನನಗೆ ಕಳಿಸಿ. ಜರ್ಗುನಾಗೆ ನಾನು ಮುಟ್ಟಿಸುತ್ತೇನೆ. ನೀವು ನೇರವಾಗಿ ಆಕೆಗೆ ಫೋನ್ ಮಾಡಕೂಡದು. ಇವೆರಡೂ ಆಗುವ ತನಕ ನನಗೂ ಮಾಡಬೇಡಿ.

ಒಂದು ಕಾಲಕ್ಕೆ ನಿಮ್ಮ ಮಾತು ಕೇಳಲಿಕ್ಕೆಂದೇ ಅಡುಗೆ ಬಿಟ್ಟು ಬಂದು ಕೂರುತ್ತಿದ್ದ,

ಜಯಮಾಲಾ

ತಾ.ಕ.: ಅವರು ಮಶ್ಹದಿನಲ್ಲಿಲ್ಲ. ಇರಾನಿನಲ್ಲೂ ಇಲ್ಲ. ನಿಮಗೆ ನಿಜವಾದ ಊರು ಬರೆಯಲು ಧೈರ್ಯ ಸಾಲಲಿಲ್ಲ. ಈ ಸಾಲನ್ನು ಬರೆಯದೇ ಬಿಟ್ಟು, ಮಶ್ಹದಿನ ಹೆಸರು ಟಿವಿಯಲ್ಲಿ ಬರುತ್ತದೋ ಇಲ್ಲವೋ ನೋಡೋಣ ಎಂದುಕೊಂಡಿದ್ದೆ. ನೋಡಲು ಭಯವಾಯಿತು. ಬಂದುಬಿಟ್ಟಿದ್ದರೆ ನಿಮ್ಮ ಮನೆಗೆ ಮರಳುವ ದಾರಿ ನನಗೆ ಪೂರ್ತಿ ಮುಚ್ಚಿಹೋಗುತ್ತಿತ್ತು.