ಶಿವದಾರದ ಗಂಟು

ಅಕ್ಟೋಬರ್ 12, ಭಾನುವಾರ. ಬೆಂಗಳೂರಿನ ಲಾಡ್ಜ್.

ಎಲ್ಲಿ ಬಿತ್ತೋ ಶಿವನೇ! ಮ್ಯಾರಥಾನ್ ಮುಗಿಸಿ ಮೆಡಲ್ ಹಾಕಿಸಿಕೊಳ್ಳುವಾಗ ಎದೆ ಮುಟ್ಟಿಕೊಂಡೆ. ಕೊರಳ ಶಿವದಾರವೂ ಇಲ್ಲ, ಅದಕ್ಕೆ ಕಟ್ಟಿದ್ದ ಇಷ್ಟಲಿಂಗದ ಕರಡಿಗೆಯೂ ಇಲ್ಲ. ಓಡುವಾಗ ಎದೆಗೆ ಬಡಿಯುತ್ತದೆಂದು ದಾರ ಮೊಟಕು ಮಾಡಿ ಗಂಟು ಹಾಕಿದ್ದು ನಾನೇ. ನಲವತ್ತೆರಡು ಕಿಲೋಮೀಟರ್‌ನಲ್ಲಿ ಎಲ್ಲಿ ಅಂತ ಹುಡುಕಲಿ? ಕಾಲೆಳೆದುಕೊಂಡು ಓಡಿದ ದಾರಿಯಲ್ಲೇ ವಾಪಸ್ ನಡೆದೆ. ಅಷ್ಟರಲ್ಲಿ ರಸ್ತೆಗೆ ಬಸ್ಸು, ಲಾರಿ ಬಿಟ್ಟಿದ್ದರು. ಕಸ ಗುಡಿಸುವವರನ್ನೂ ಕೇಳಿದೆ.

ಸಂಜೆ ಪಿರಿಯಾಪಟ್ಟಣದಿಂದ ಅವ್ವನ ಫೋನ್. "ಪೂಜೆ ಮಾಡ್ಕಂಡು ಉಂಡ್ಯೇನವ್ವ ಪುಷ್ಪಾ?"

"ಊ ಕಣವ್ವ, ಉಂಡೆ" ಅಂದುಬಿಟ್ಟೆ.

ಮೇಜಿನ ಮೇಲೆ ಅನ್ನ ಆರಿಹೋಗಿದೆ. ಹೊಟ್ಟೆ ಹಸಿದಿದೆ. ಲಿಂಗಪೂಜೆಯಿಲ್ಲದೆ ತುತ್ತು ಹೇಗೆ ಎತ್ತಲಿ? ಸ್ವಲ್ಪ ಹೊತ್ತಿನ ಮುಂಚೆ ಸ್ನಾನ ಮಾಡಿ ಬಂದವಳು ಅಭ್ಯಾಸಬಲದಿಂದ ಲಿಂಗ ಇಡುವ ಎಡಗೈ ಚಾಚಿ ಪೂಜೆಗೆ ಕೂತುಬಿಟ್ಟೆ. ಅಂಗೈಯಲ್ಲಿಡಲು ಆ ಮೆಡಲ್ ಬಿಟ್ಟರೆ ಏನೂ ಇರಲಿಲ್ಲ.