ಬಲಗಡೆಯ ಕೋಲು

ಆಶ್‌ಕಂಬ್,
ಚರ್ಚಿನ ಹಿಂದಿನ ಮನೆ
ಅಕ್ಟೋಬರ್ 2, 2022

ಡೆಸ್ಮಂಡ್‌ಗೆ,

ಮೊದಲು ‘ಪ್ರೀತಿಯ’ ಎಂದು ಬರೆದಿದ್ದೆ, ಆಮೇಲೆ ಗೀಟು ಎಳೆದು ಹೊಡೆದುಹಾಕಿದೆ. ಹೊಸ ಹಾಳೆ ತೆಗೆದುಕೊಳ್ಳಬಹುದಿತ್ತು. ಬೇಕಂತಲೇ ತೆಗೆದುಕೊಳ್ಳಲಿಲ್ಲ, ಗೀಟು ನಿನಗೂ ಕಾಣಲಿ.

ನಿನ್ನ ಪತ್ರ ತಲುಪಿತು. ವಸಂತದಲ್ಲಿ ಮನೆ ಬಿಟ್ಟು ಹೋದವನು ಬದುಕಿದ್ದೀಯಾ, ಸತ್ತಿದ್ದೀಯಾ ಎಂದು ಒಂದು ಮಾತು ಕೇಳಲಿಲ್ಲ. ಪೊಲೀಸರು ಕೇಸು ಹಾಕಿದ ಮೇಲೆ ಈಗ ಹೆಂಡತಿ ವಿನ್ನಿ ನೆನಪಾದಳು. ರಾಣಿ ತೀರಿಕೊಂಡು ದೇಶವೇ ಸೂತಕದ ಮೌನದಲ್ಲಿದ್ದಾಗ ಕೂಗಿ ಶಾಂತಿ ಕದಡಿದೆ ಎಂಬುದು ನಿನ್ನ ಮೇಲಿನ ಆರೋಪ. ತಪ್ಪಾಯಿತು ಎಂದು ಬರೆದುಕೊಟ್ಟರೆ ಎಚ್ಚರಿಕೆ ಹೇಳಿ ಬಿಡುತ್ತಾರಂತೆ, ನೀನು ಬರೆದುಕೊಡುವುದಿಲ್ಲವಂತೆ, ಅದಕ್ಕೆ ನಾನು ನ್ಯಾಯಾಲಯಕ್ಕೆ ಬಂದು ಕಂಡದ್ದನ್ನು ಹೇಳಬೇಕಂತೆ. ಅದೆಲ್ಲ ಸರಿ. ಆದರೆ ಇಮೊಜೆನ್ ಎಷ್ಟು ಧೈರ್ಯ ತುಂಬುತ್ತಾಳೆ, ಇಮೊಜೆನ್ ಮಾಡುವ ಸೂಪು ಎಷ್ಟು ರುಚಿ, ಇದೆಲ್ಲ ಆ ಪತ್ರದಲ್ಲಿ ಬೇಕಿತ್ತೇ? ಅವಳ ಮಣ್ಣಿನ ಪಾತ್ರೆ ಅಂಗಡಿಯ ಮೇಲಿನ ಕೋಣೆಯಲ್ಲಿ ನೀನು ಬರೀ ಬಾಡಿಗೆದಾರ ಎಂದು ಬೇರೆ ಬರೆದಿದ್ದೀಯ. ಬಾಡಿಗೆದಾರನಿಗೆ ಯಾವ ಮನೆಯೊಡತಿ ಸೂಪು ಮಾಡಿ ಬಡಿಸುತ್ತಾಳೆ, ಹೇಳು ನೋಡೋಣ.

ಹೊಟ್ಟೆಕಿಚ್ಚು ಎಂದು ನಗುತ್ತೀಯ. ಹೌದು, ಹೊಟ್ಟೆಕಿಚ್ಚೇ. ಪತ್ರಿಕೆಯಲ್ಲಿ ನಿಮ್ಮಿಬ್ಬರ ಚಿತ್ರ ಬಂದ ದಿನ ಟೋಸ್ಟು ಕರಕಲಾದರೂ ಕೂತಲ್ಲಿಂದ ಏಳಲಿಲ್ಲ. ನೀವಿಬ್ಬರೂ ಹಿಡಿದು ನಿಂತ ಆ ಬ್ಯಾನರು ನಮ್ಮ ಮಂಚದ ಹಾಸು, ಡೆಸ್ಮಂಡ್! ನಿನ್ನ ದೊಡ್ಡಮ್ಮ ಮದುವೆಗೆ ಕೊಟ್ಟ ನೀಲಿ ಹೂವಿನ ಅಂಚಿನದು. ಹತ್ತು ವರ್ಷದ ಹಿಂದೆ, ರಾಣಿ ಪಟ್ಟಕ್ಕೆ ಬಂದು ಅರವತ್ತು ವರ್ಷವಾದ ಜುಬಿಲಿ ಗದ್ದಲದಲ್ಲಿ, ಅಡುಗೆಮನೆಯ ನೆಲದ ಮೇಲೆ ಮಂಡಿಯೂರಿ ‘ನಮ್ಮನ್ನು ಯಾರಾದರೂ ಕೇಳಿದರೇ?’ ಎಂದು ಅದರ ಮೇಲೆ ಬರೆದವಳು ನಾನು. ಎಡಗಡೆಯ ಕೋಲು ನಿನ್ನದು, ಬಲಗಡೆಯದು ನನ್ನದು. ಮಳೆ ಬಂದರೂ, ಜನ ಬೈದರೂ, ಒಮ್ಮೆ ಮುಖಕ್ಕೆ ಮೊಟ್ಟೆ ಬಂದು ಬಡಿದರೂ ನಾನು ಆ ಕೋಲು ಬಿಟ್ಟವಳಲ್ಲ. ಮನೆ ಬಿಡುವಾಗ ಚಳಿಯ ಕೋಟನ್ನೇ ಮರೆತವನು ಆ ಹಾಸನ್ನು ಮಾತ್ರ ಮರೆಯದೆ ಹೊತ್ತುಕೊಂಡು ಹೋದೆ. ಈಗ ಚಿತ್ರದಲ್ಲಿ ನನ್ನ ಕೋಲಿನ ಮೇಲೆ ಅವಳ ಕೈ, ಬೆರಳಿಗೆಲ್ಲ ಬೆಳ್ಳಿ ಉಂಗುರ. ರೇಡಿಯೊದಲ್ಲಿ ಅವಳದ್ದೇ ಸಂದರ್ಶನ ಬೇರೆ.

ಊರಲ್ಲಿ ನಿನ್ನ ಪರವಾಗಿ ಬೈಸಿಕೊಳ್ಳುವವಳು ಮಾತ್ರ ನಾನು. ಮಾಂಸದಂಗಡಿಯ ಬರ್ನಾರ್ಡ್ ಸಾಸೇಜು ಕಟ್ಟುತ್ತಾ, “ಅಲ್ಲಮ್ಮಾ, ಹೆಣ ಮಣ್ಣಾಗೋ ತನಕ ನಿಮ್ಮ ಯಜಮಾನ್ರಿಗೆ ಬಾಯಿ ಮುಚ್ಕೊಂಡಿರೋಕೆ ಆಗ್ಲಿಲ್ವಾ? ಊರೆಲ್ಲ ತೆಪ್ಪಗಿರ್ಲಿಲ್ವಾ?” ಎಂದು ಎಲ್ಲರೆದುರು ಕೇಳಿದ. ನನಗೆ ರೇಗಿಹೋಯಿತು. “ನೋಡು ಬರ್ನಾರ್ಡ್, ಆ ಮುದುಕಮ್ಮನಿಗೆ ನಾನೂ ಅತ್ತಿದೀನಿ, ಸುಳ್ಳು ಯಾಕೆ ಹೇಳ್ಲಿ. ಬೇಸಿಗೆಯೆಲ್ಲ ನೀರು ಹೊತ್ತು ಬೆಳೆಸಿದ ಕುಂಬಳಕಾಯಿ, ಸೂತಕ ಅಂತ ತರಕಾರಿ ಪ್ರದರ್ಶನ ನಿಲ್ಸಿದೀವಿ ಅಂದ್ರು, ತುಟಿ ಬಿಚ್ಚಲಿಲ್ಲ. ಆದ್ರೆ ಸತ್ತ ಮನೇಲಿ ಕೂತು ಆಸ್ತಿ ಯಾರಿಗೆ ಅಂತ ಓದೋ ಹಾಗೆ ಹೊಸ ರಾಜ ಯಾರು ಅಂತ ಅವರು ಓದಬಹುದು, ನಾವು ಒಂದ್ಮಾತು ಕೇಳಿದ್ರೆ ಮಾತ್ರ ಸೂತಕ ಅಡ್ಡ ಬರುತ್ತಾ?” ಎಂದೆ. ಬರ್ನಾರ್ಡ್ ಚಿಲ್ಲರೆ ಎಣಿಸಿ ಕೊಟ್ಟ.

ಪೊಲೀಸರು ನಿನ್ನನ್ನು ಹಿಡಿದ ಆ ಭಾನುವಾರ ನಾನು ಕಂಡದ್ದು ಇಷ್ಟು. “ರಾಣಿ ಬೇಡ ಅಂತೀಯ, ಅವಳ ಗಂಟೆ ಮಾತ್ರ ಬಾರಿಸ್ತೀಯ” ಎಂದು ಮೊದಲಿನಿಂದಲೂ ಹಂಗಿಸುತ್ತಿದ್ದೆಯಲ್ಲ, ಆ ಚರ್ಚಿನ ಗಂಟೆಗೋಪುರದಲ್ಲೇ ಇದ್ದೆ. ರಾಣಿ ಹೋದ ಮಾರನೆಯ ದಿನ ಗಂಟೆಗಳ ನಾಲಿಗೆಗೆ ಚರ್ಮ ಕಟ್ಟಿದ್ದೆವು, ಸಾವಿನ ಗಂಟೆ ಮೆತ್ತಗೆ ಬಡಿಯಬೇಕಲ್ಲ. ಹೊಸ ರಾಜನ ಘೋಷಣೆ ಓದುತ್ತಾರೆಂದು ಆ ಬೆಳಿಗ್ಗೆ ಎಲ್ಲ ಚರ್ಮ ಬಿಚ್ಚಿದೆವು, ಸಂಜೆ ಮತ್ತೆ ಕಟ್ಟಿದೆವು. ಅಂದರೆ ಅಷ್ಟು ಹೊತ್ತು ಸೂತಕಕ್ಕೆ ಅವರೇ ರಜೆ ಕೊಟ್ಟಿದ್ದರು. ಬಾವುಟ ಮೇಲೇರಿಸಿ, ಜಯಕಾರ ಹಾಕಿ, ಗಂಟೆ ಜೋರಾಗಿ ಬಾರಿಸಲು ಇದ್ದ ರಜೆ ನಿನ್ನ ಒಂದು ಪ್ರಶ್ನೆಗೆ ಯಾಕಿಲ್ಲ? ನ್ಯಾಯಾಲಯದಲ್ಲಿ ನಾನು ಇದನ್ನು ಕೇಳುತ್ತೇನೆ, ಆ ಚರ್ಮ ಬಿಚ್ಚಿದವಳು ನಾನೇ ಎಂದು ಹೇಳುತ್ತೇನೆ.

ಚೌಕದಲ್ಲಿ ಮೇಯರು ಘೋಷಣೆ ಓದಿ ಮುಗಿಸಿದರು, ಜನ ಜಯಕಾರ ಹಾಕಿದರು. ಅದು ಮುಗಿದದ್ದೇ ನಾವು ಶುರುಮಾಡಬೇಕಿತ್ತು. ಸಣ್ಣ ಗಂಟೆ ನನ್ನದು, ನಾನು ಹಗ್ಗ ಎಳೆಯದೆ ಉಳಿದವರು ಎಳೆಯುವ ಹಾಗಿಲ್ಲ. ಕಿಟಕಿಯಿಂದ ಕೆಳಗೆ ನೋಡಿದರೆ ನೀನು, ನಮ್ಮ ಹಾಸು, ಅವಳು. ನನ್ನ ಕೈ ಹಗ್ಗದ ಮೇಲೇ ಮರಗಟ್ಟಿತು. ಚೌಕವೆಲ್ಲ ಸದ್ದಿಲ್ಲದೆ ನಿಂತಿದ್ದ ಆ ಹೊತ್ತಿನಲ್ಲೇ ನೀನು ಹಾಸಿನ ಮೇಲಿನ ಪ್ರಶ್ನೆ ಕೂಗಿದ್ದು, ಎಲ್ಲರಿಗೂ ಕೇಳಿದ್ದು. ನಮ್ಮ ತಂಡದ ಹಿರಿಯ ಕ್ಲಿಫರ್ಡ್ ಹಿಂದಿನಿಂದ, “ಏನಮ್ಮಾ ವಿನ್ನಿ, ನಿದ್ದೆ ಬಂತಾ? ಎಳಿ!” ಎಂದು ಗದರಿದ. ಹಗ್ಗ ಜಾರಿತು ಎಂದೆ. ಹೊಟ್ಟೆಕಿಚ್ಚಿಗೆ ಕೈ ಆಡಲಿಲ್ಲ ಎಂದು ಅವನಿಗೆ ಹೇಳಲಾಗುತ್ತದೆಯೇ? ನಿನಗೆ ಹೇಳುತ್ತಿದ್ದೇನೆ, ಬೇಕಾದರೆ ಹಿಗ್ಗಿಕೋ.

ಇನ್ನೊಂದನ್ನೂ ಕಂಡೆ, ಅದು ಯಾವ ಪತ್ರಿಕೆಯಲ್ಲೂ ಬಂದಿಲ್ಲ. ಪೊಲೀಸರು ನಿನ್ನ ತೋಳಿಗೆ ಕೈ ಹಾಕಿದರೋ ಇಲ್ಲವೋ, ಅವಳು ಕೋಲನ್ನು ಮೆಲ್ಲಗೆ ನೆಲಕ್ಕಿಟ್ಟು ಜನರ ಮಧ್ಯೆ ಸರಿದುಕೊಂಡಳು. ಒಂದು ಕಡೆ ಜೋತುಬಿದ್ದ ಹಾಸನ್ನು ನೀನೊಬ್ಬನೇ ಎತ್ತಿ ಹಿಡಿಯಲು ಒದ್ದಾಡುತ್ತಿದ್ದೆ. ನನಗಾದ ಖುಷಿ ಏನೆಂದು ಹೇಳಲಿ! ಆಮೇಲೆ ನಿನ್ನನ್ನು ವ್ಯಾನಿಗೆ ಹತ್ತಿಸಿದರು, ಖುಷಿಯೆಲ್ಲ ಇಳಿದುಹೋಯಿತು.

ಬರುತ್ತೇನೆ. ಅವಳು ಮುಂದಿನ ಸಾಲಿನಲ್ಲಿ ಉಂಗುರ ತೋರಿಸುತ್ತಾ ಕೂತಿದ್ದರೂ ಬರುತ್ತೇನೆ. ನೀನು ತಪ್ಪಾಯಿತು ಎಂದು ಮಾತ್ರ ಬರೆದುಕೊಡಬೇಡ. ಸೂಪನ್ನಾದರೂ ಕ್ಷಮಿಸಿಯೇನು, ಅದನ್ನು ಕ್ಷಮಿಸುವುದಿಲ್ಲ. ಹಾಸು ಈಗ ಪೊಲೀಸರ ವಶದಲ್ಲಿದೆಯಂತೆ, ವಾಪಸು ಕೊಟ್ಟರೆ ನೇರ ಈ ಮನೆಗೆ ತಂದುಕೊಡು. ಬಿಸಿನೀರಲ್ಲಿ ಒಗೆದರೆ ಬಣ್ಣ ಹೋಗುತ್ತದೆ, ಅದು ಅವಳಿಗೆಲ್ಲಿ ಗೊತ್ತು.

ಕಾಗದದ ಮೇಲಾದರೂ ಇನ್ನೂ ನಿನ್ನ ಹೆಂಡತಿ,
ವಿನಿಫ್ರೆಡ್

ತಾ.ಕ.: ನನ್ನ ಕೈ ಮರಗಟ್ಟಲಿಲ್ಲ. ಕೂಗುವ ಮೊದಲು ಎರಡೂ ಭುಜ ಎತ್ತಿ ಉಸಿರು ತುಂಬಿಕೊಳ್ಳುತ್ತೀಯಲ್ಲ, ಅದು ಕಿಟಕಿಯಿಂದ ಕಂಡಿತು. ಆಗ ಹಗ್ಗ ಎಳೆದಿದ್ದರೆ ನಿನ್ನ ಮಾತು ಪಕ್ಕದವರಿಗೂ ಕೇಳುತ್ತಿರಲಿಲ್ಲ, ಪೊಲೀಸರಿಗೂ ಕೇಳುತ್ತಿರಲಿಲ್ಲ. ನೀನು ಹೇಳಿ ಮುಗಿಸಲಿ ಎಂದು ನಾನೇ ತಡೆದು ಹಿಡಿದೆ. ಗಂಟೆ ಯಾಕೆ ತಡವಾಯಿತು ಎಂದು ನ್ಯಾಯಾಲಯದಲ್ಲಿ ಕೇಳಿದರೆ ಇದನ್ನೇ ಹೇಳುತ್ತೇನೆ. ನನ್ನನ್ನೂ ಕಟಕಟೆಯಲ್ಲಿ ನಿನ್ನ ಪಕ್ಕದಲ್ಲಿ ನಿಲ್ಲಿಸುವುದಾದರೆ ನಿಲ್ಲಿಸಲಿ. ಬಲಗಡೆ ಜಾಗ ಇಟ್ಟಿರು.