ಧೂಪದ ಕುಂಡ ಯಾರ ಮನೆಗೆ

ಕ್ವಾಲಾ ಕುರಾವ್
೧೦ ಮೇ ೧೯೮೮

ಪ್ರೀತಿಯ ತಮ್ಮ ಕಿಯಾತ್ ಸೆಂಗನಿಗೆ,

ನಿನ್ನ ಮಂಡಿನೋವು ಹೇಗಿದೆ? ಸಿಂಗಾಪುರದ ಡಾಕ್ಟರ ಮಾತ್ರೆ ನಾಟದಿದ್ದರೆ ಹೇಳು, ಇಲ್ಲಿಂದ ಎಣ್ಣೆ ಕಳಿಸುತ್ತೇನೆ. ನಾನು ಚೆನ್ನಾಗಿದ್ದೇನೆ ಅಂತ ಬರೆಯಬೇಕು, ಆದರೆ ಮೈಯೆಲ್ಲ ಉರಿಯುತ್ತಿದೆ ಕಣೋ.

ಮೊನ್ನೆ ಭಾನುವಾರ ನಮ್ಮ ಕಡಲು ಕಾಯುವ ಮಾಝು ತಾಯಿಯ ಹುಟ್ಟುಹಬ್ಬ ಆಯಿತು. ಈ ವರ್ಷ ಧೂಪದ ಕುಂಡವನ್ನು ಮನೆಯಲ್ಲಿಟ್ಟುಕೊಂಡು ಸೇವೆ ಮಾಡುವ ಭಾಗ್ಯ ಯಾರಿಗೆಂದು ಎಂದಿನಂತೆ ತಾಯಿಯನ್ನೇ ಕೇಳಿದರು. ಗುಡಿಯ ಯಜಮಾನ ತಿಯೋ ಮನೆಮನೆಯ ಹೆಸರು ಕೂಗಿ, ಅರ್ಧಚಂದ್ರದ ಮರದ ತುಂಡುಗಳೆರಡನ್ನು ನೆಲಕ್ಕೆ ಹಾಕುತ್ತಾ ಬಂದ. ಗಂಡ ಹೋದ ಮೇಲೆ ನಮ್ಮ ಮನೆಗೆ ನನ್ನ ಹೆಸರೇ ತಾನೇ, ಅದನ್ನೂ ಕೂಗಿದ. ಒಂದು ಅಂಗಾತ, ಒಂದು ಬೋರಲು. ಒಪ್ಪಿಗೆ! ಮತ್ತೆ ಹಾಕಿದ, ಮತ್ತೆ ಒಪ್ಪಿಗೆ. ಹೆಚ್ಚು ಸಲ ಒಪ್ಪಿಗೆ ಬಿದ್ದವರಿಗೇ ತಾನೇ ಕುಂಡ, ಮೀನಿನ ದಲ್ಲಾಳಿಗೆ ಎರಡೇ ಸಲಕ್ಕೆ ನಿಂತದ್ದು ನನಗೆ ಏಳು ಸಲ ಬಿಡದೆ ಬಿತ್ತು.

ಜನ ಹೋ ಎಂದರು. ತಿಯೋ ಮಾತ್ರ ಮುಖ ಹುಳ್ಳಗೆ ಮಾಡಿಕೊಂಡು, "ಅಲ್ಲಮ್ಮಾ, ಗಂಡ ಇಲ್ದೋಳು ಕುಂಡ ಹೊತ್ರೆ ದೋಣಿಗಳಿಗೆ ಒಳ್ಳೇದಾಗತ್ತಾ? ನಿನ್ ತಮ್ಮನ ಹೆಸರಲ್ಲಿ ಕೊಡ್ತೀವಿ ಬಿಡು," ಎಂದ. ಎಷ್ಟು ಸೊಕ್ಕು! "ಯಜಮಾನ್ರೇ, ಇಷ್ಟು ವರ್ಷ ಹಬ್ಬಕ್ಕೆ ಸಿಗಡಿ ಸುಲಿದಿದ್ದು ಇದೇ ಕೈ. ತಿಂದೋರ ದೋಣಿ ಮುಳುಗಲಿಲ್ವಲ್ಲ!" ಎಂದು ಗುಡಿ ಹಾರಿಹೋಗುವ ಹಾಗೆ ಕಿರುಚಿದೆ.

ಅವನು ಬಿಡಬೇಕಲ್ಲ! ನಿನ್ನ ಹೆಸರು ಹೇಳಿ ಮತ್ತೆ ಹಾಕಿದ. ಎರಡೂ ಅಂಗಾತ ಬಿದ್ದವು. ಹಾಗೆ ಬಿದ್ದರೆ ತಾಯಿ ಕೇಳಿದವನನ್ನು ನೋಡಿ ನಗುತ್ತಿದ್ದಾಳೆಂದು ಎಳೆ ಮಕ್ಕಳಿಗೂ ಗೊತ್ತು. ಆ ಪುಣ್ಯಾತ್ಮ, "ನೋಡಿ, ತಾಯಿಗೆ ಸಂತೋಷ ಆಗಿದೆ!" ಅನ್ನಬೇಕೇ? ಮುದುಕರೆಲ್ಲ ಕೋಲೆ ಬಸವನ ಹಾಗೆ ತಲೆಯಾಡಿಸಿದರು. ಸಂತೋಷವಂತೆ, ಸಂತೋಷ! ಅವಳ ಉತ್ತರ ಬೇಡದಿದ್ದರೆ ಅವಳನ್ನು ಕೇಳುವುದೇಕೆ?

ಸಾಲದ್ದಕ್ಕೆ, ನಿನಗೆ ಫೋನು ಮಾಡಿದರಂತೆ, ನೀನು "ಆಗಲಿ" ಎಂದೆಯಂತೆ. ನಿಜವೇನೋ? ನಾನು ನಂಬಿಲ್ಲ. ನಂಬಿಲ್ಲ ಅಂತ ಬರೆಯುವಾಗಲೂ ಕಣ್ಣು ತುಂಬಿಬರುತ್ತಿದೆ. ಅಪ್ಪ ಅಮ್ಮ ಹೋದಾಗ ನಿನ್ನನ್ನು ಬೆನ್ನಿಗೆ ಕಟ್ಟಿಕೊಂಡು ಒಣಮೀನು ಮಾರಿದವಳು ನಾನು. ಆಗ ಈ ಊರಲ್ಲಿ ಯಾರೂ ಮನೆಗೊಬ್ಬ ಗಂಡಸು ಬೇಕೆಂದು ಬಂದು ಕೇಳಲಿಲ್ಲ.

ನಿನ್ನ ಹೆಂಡತಿ ಮಕ್ಕಳಿಗೆ ನನ್ನ ಆಶೀರ್ವಾದ. ತಾಯಿ ನಿಮ್ಮನ್ನೆಲ್ಲ ತಣ್ಣಗಿಟ್ಟಿರಲಿ.

ನಿನ್ನ ಅಕ್ಕ,
ಗೇಕ್ ಲುವಾನ್

ತಾ.ಕ.: ಬರುವ ಭಾನುವಾರ ಕುಂಡ ಗುಡಿಯಿಂದ ಹೊರಡುತ್ತದೆ. ಅದನ್ನು ನಾನೇ ಹೊರುತ್ತೇನೆ, ಯಾರು ಅಡ್ಡ ಬರುತ್ತಾರೋ ನೋಡೋಣ. ಹೊತ್ತವರ ತಲೆಯ ಮೇಲೆ ಮನೆಯವರೊಬ್ಬರು ಕೆಂಪು ಕೊಡೆ ಹಿಡಿಯಬೇಕಲ್ಲ, ನನಗಿರುವುದು ನೀನೊಬ್ಬನೇ. ಬಾ. ಕೊಡೆಗೆ ಕೈಹಾಕಿದರೆ ನೀನು ನನ್ನ ತಮ್ಮ. ಕುಂಡಕ್ಕೆ ಕೈಹಾಕಿದೆಯೋ, ಅದೇ ಕೊಡೆಯಲ್ಲಿ ತಾಯಿಯ ಎದುರಿಗೇ ಬಾರಿಸುತ್ತೇನೆ.